ಕೇಳದೆ ಉಳಿದ ಒಂಬತ್ತು ವರ್ಷ

ಮದ್ದೂರು
3 ಆಗಸ್ಟ್ 2024

ಅಪ್ಪಾ,

ನಾನು ಚೆನ್ನಾಗಿದ್ದೇನೆ. ಹನ್ನೊಂದನೇ ತಾರೀಕು ಅವ್ವನ ನೆನಪಿನ ದಿನಕ್ಕೆ ಊರಿಗೆ ಬರುತ್ತೇನೆ ಅಂದಿದ್ದೆ, ಈ ಸಲ ಆಗುವುದಿಲ್ಲ. ಗಾರ್ಮೆಂಟ್ಸಿನಲ್ಲಿ ಹೊಸ ಆರ್ಡರ್ ಬಂದಿದೆ, ಸಣ್ಣ ಮಕ್ಕಳ ಜಾಕೆಟ್. ಭಾನುವಾರವೂ ಮಿಷನ್ ಮುಂದೆ ಕೂರಬೇಕು. ರಜೆ ಕೇಳಿದೆ, ಸೂಪರ್‌ವೈಸರ್ ಕೊಡಲಿಲ್ಲ. ನನ್ನ ಪಾಲಿನ ಮೇಣದಬತ್ತಿಯನ್ನು ನೀನೇ ಹಚ್ಚಿಬಿಡು.

ಇನ್ನೊಂದು ವಿಷಯ. ಬಟ್ಟೆ ತುಂಬಿದ ಟ್ರಾಲಿ ಬಲಗಾಲಿಗೆ ತಗುಲಿ ಸ್ವಲ್ಪ ಗೀರಿದೆ. ಮುಲಾಮು ಹಚ್ಚುತ್ತಿದ್ದೇನೆ. ನಮ್ಮೂರಿನ ಶಿವರಾಮು ಸಂತೆಗೆ ಬಂದಾಗ ನಾನು ಕುಂಟುವುದನ್ನು ನೋಡಿ ಏನಾದರೂ ಹೇಳಿದ್ದರೆ ನಂಬಬೇಡ ಅಂತ ಬರೆಯುತ್ತಿದ್ದೇನೆ, ಅಷ್ಟೇ.

ನಮ್ಮ ಬೀದಿಯ ಮರಿಸಿದ್ದಯ್ಯಣ್ಣನ ಫೋನಿಗೆ ಮಾಡಬಹುದಿತ್ತು. ನಿನಗೆ ಫೋನಿನಲ್ಲಿ ಕೇಳಿಸುವುದಿಲ್ಲ, ನಾನು ಹೇಳಿದ್ದನ್ನೆಲ್ಲ ಅವರು ನಿನ್ನ ಕಿವಿಗೆ ಕೂಗಬೇಕು, ಬೀದಿಗೆಲ್ಲ ಗೊತ್ತಾಗುತ್ತದೆ. ಅದಕ್ಕೇ ಕಾಗದ.

ಕಣ್ಣಿಗೆ ಹೊಗೆ ತಾಗಿಸಿಕೊಳ್ಳಬೇಡ. ಒಲೆ ಉರಿಸಬೇಡ, ಗ್ಯಾಸಿನಲ್ಲೇ ಮಾಡಿಕೋ.

ನಿನ್ನ ಮಗಳು
ನಾಗಶ್ರೀ


ಬಂಡೂರು
8 ಆಗಸ್ಟ್ 2024

ಮಗಳು ನಾಗಶ್ರೀಗೆ ಅಪ್ಪ ಬರೆಯುವುದು.

ಮೂವತ್ತೆಂಟು ವರ್ಷ ಕಾಗದ ಹಂಚಿದವನಿಗೆ ಸೀಲು ನೋಡದೆ ಕಾಗದ ಒಡೆಯಲು ಬರುವುದಿಲ್ಲ. ಮೇಲೆ ನೀನು ಮದ್ದೂರು ಅಂತ ಬರೆದಿದ್ದೀಯ. ಸೀಲು ಮಂಡ್ಯದ್ದು, ತಾರೀಕು ಐದು. ನಿನ್ನ ಸಾಲುಗಳು ಯಾವಾಗಲೂ ಸ್ಕೇಲು ಇಟ್ಟ ಹಾಗಿರುತ್ತವೆ. ಈ ಕಾಗದದಲ್ಲಿ ಬಲಗಡೆಗೆ ಇಳಿದಿವೆ. ಮಲಗಿಕೊಂಡು ಬರೆದವರ ಸಾಲು ಹಾಗೆ ಇಳಿಯುತ್ತದೆ.

ಶಿವರಾಮು ನಿನ್ನೆ ಬಂದಿದ್ದ. "ನಾಗಕ್ಕನ ಮನೇಗೆ ಬೀಗ ಆಕಿತ್ತು ಕಣಣ್ಣೋ. ಪಕ್ಕದ ಮನೇರ್ನ ಕೇಳ್ದೆ, ಆಟೋದಲ್ಲಿ ಕೂರುಸ್ಕಂಡು ಎಲ್ಗೋ ಕರ್ಕಂಡೋದ್ರು ಅಂದ್ರು" ಅಂದ. ಅವನು ಹೋದ ಮೇಲೆ ಊಟ ಸೇರಲಿಲ್ಲ.

ಎಲ್ಲಿದ್ದೀಯ ಅಂತ ಬರಿ. ಗದರುವುದಿಲ್ಲ. ನನ್ನ ಎರಡು ಕಣ್ಣಿನ ಆಪರೇಷನ್ನಿಗೆ ಸಂಕ್ರಾಂತಿಯಿಂದ ಯುಗಾದಿಯವರೆಗೆ ಮೂರು ತಿಂಗಳು ನೀನೇ ನಿನ್ನ ಮನೆಯಲ್ಲಿ ಇಟ್ಟುಕೊಂಡು ನೋಡಿಕೊಂಡೆ. ಈಗ ಪೇಪರಿನ ಸಣ್ಣ ಜಾಹೀರಾತನ್ನೂ ಓದುತ್ತೇನೆ. ಒಬ್ಬನೇ ಬಸ್ಸು ಹತ್ತಿ ಬರಬಲ್ಲೆ. ಮೂರು ಕುರಿಗಳನ್ನು ಮರಿಸಿದ್ದಯ್ಯ ಅವನ ಮಂದೆಗೆ ಸೇರಿಸಿಕೊಳ್ಳುತ್ತಾನಂತೆ.

ಬಾ ಅಂದರೆ ಮಾರನೆಯ ದಿನವೇ ಹೊರಡುತ್ತೇನೆ.

ಅಪ್ಪ
ಕೆಂಪಸಿದ್ದಯ್ಯ


ಮಂಡ್ಯ
12 ಆಗಸ್ಟ್ 2024

ಅಪ್ಪಾ,

ನಿನ್ನ ಕಾಗದವನ್ನು ಪಕ್ಕದ ಮನೆಯವರು ಇಲ್ಲಿಗೆ ತಂದುಕೊಟ್ಟರು. ನಿನ್ನ ಹತ್ತಿರ ಸುಳ್ಳು ಹೇಳಬಾರದಿತ್ತು. ಮಂಡ್ಯದ ದೊಡ್ಡಾಸ್ಪತ್ರೆಯಲ್ಲಿದ್ದೇನೆ, ಹೆಂಗಸರ ಸರ್ಜಿಕಲ್ ವಾರ್ಡು. ಸೇರಿ ಹದಿಮೂರು ದಿನವಾಯಿತು.

ಟ್ರಾಲಿ ಗೀರಿದ್ದು ನಿಜ. ಮೂರನೇ ದಿನಕ್ಕೆ ಕಾಲು ಬಾತುಕೊಂಡಿತು, ಕೆಂಪಾಯಿತು, ಮುಟ್ಟಿದರೆ ಕಾದ ಹೆಂಚಿನ ಹಾಗೆ. ಮದ್ದೂರಿನಲ್ಲೇ ಒಂದು ಕ್ಲಿನಿಕ್ಕಿಗೆ ಹೋದೆ, ಇಂಜೆಕ್ಷನ್ ಕೊಟ್ಟು ಕಳಿಸಿದರು. ಇಳಿಯಲಿಲ್ಲ. ಚಳಿಜ್ವರ ಬಂದು ಹಲ್ಲು ಕಟಕಟ ಅನ್ನುವಾಗ ಜೊತೆಯ ಕೆಲಸದವರು ಆಟೊದಲ್ಲಿ ಇಲ್ಲಿಗೆ ತಂದರು. ಚರ್ಮಕ್ಕೆ ನಂಜಾಗಿದೆ ಅಂದರು. ಸಕ್ಕರೆ ಕಾಯಿಲೆ ಇಲ್ಲ, ನೋಡಿದ್ದಾರೆ. ದಿನಾ ಬೆಳಿಗ್ಗೆ ಡಾಕ್ಟರು ಕೆಂಪು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿಗೆ ಪೆನ್ನಿನಲ್ಲಿ ಗೆರೆ ಎಳೆಯುತ್ತಾರೆ. ಮಾರನೆಯ ದಿನ ಗೆರೆ ದಾಟಿದೆಯಾ ಅಂತ ನೋಡುತ್ತಾರೆ. ದಾಟಿಲ್ಲ. ಆದ್ದರಿಂದ ಗಾಬರಿ ಬೇಡ.

ಪಕ್ಕದ ಹಾಸಿಗೆಯಲ್ಲಿ ಹನಕೆರೆಯ ಚಿಕ್ಕಬೋರಮ್ಮ ಅಂತ ಇದ್ದಾರೆ. ಬೆನ್ನಿನಲ್ಲಿ ಕುರು ಎದ್ದು ಕುಯ್ಯಿಸಿಕೊಂಡವರು. ನನಗೆ ಯಾರೂ ಇಲ್ಲ ಅಂತ ಗೊತ್ತಾಗಿ ಅವರ ಬುತ್ತಿಯಲ್ಲೇ ನನಗೂ ಮುದ್ದೆ ಮುರಿದುಕೊಡುತ್ತಾರೆ. "ನಂಜು ಕಣವ್ವ, ಬದ್ನೇಕಾಯಿ ಮುಟ್ಟೀಯ, ಉಸಾರು" ಅನ್ನುತ್ತಿರುತ್ತಾರೆ. ಈ ಕಾಗದಗಳನ್ನು ಡಬ್ಬಕ್ಕೆ ಹಾಕುವುದು ಅವರ ಮಗಳು.

ನೀನು ಬರಬೇಡ ಅಪ್ಪಾ. ಆಸ್ಪತ್ರೆಯ ಗಾಳಿ ಈಗ ತಾನೇ ಆಪರೇಷನ್ ಆದ ಕಣ್ಣಿಗೆ ಒಳ್ಳೆಯದಲ್ಲ. ಗಂಡಸರನ್ನು ಒಳಗೆ ಬಿಡುವುದೂ ಇಲ್ಲ. ಇನ್ನು ನಾಲ್ಕು ದಿನಕ್ಕೆ ಕಳಿಸುತ್ತಾರೆ.

ನಾಗು


ಬಂಡೂರು
16 ಆಗಸ್ಟ್ 2024

ನಾಗುಗೆ ಅಪ್ಪ ಬರೆಯುವುದು.

ನಿಜ ಬರೆದೆಯಲ್ಲ, ಸಮಾಧಾನವಾಯಿತು. ಅವ್ವನ ನೆನಪಿನ ದಿನ ಬುದ್ಧವಂದನೆ ಹೇಳಿ ಎರಡು ಮೇಣದಬತ್ತಿ ಹಚ್ಚಿದೆ, ನಿನ್ನದೊಂದು, ನನ್ನದೊಂದು. ಮರಿಸಿದ್ದಯ್ಯನ ಮನೆಯವರು ಪಾಯಸ ಮಾಡಿ ತಂದಿದ್ದರು. ನಾಗು ಯಾಕೆ ಬರಲಿಲ್ಲ ಅಂತ ಕೇಳಿದರು. ಕೆಲಸ ಅಂದೆ.

ಮಗಾ, ಒಂದು ಮಾತು. ನೀನು ಮೊದಲಿನಿಂದ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅಥವಾ ಹಿಂದೆ ತೆಗೆದುಕೊಂಡು ಈಗ ನಿಲ್ಲಿಸಿದ್ದರೆ, ಅದನ್ನು ಡಾಕ್ಟರಿಗೆ ಬಿಡಿಸಿ ಹೇಳಿದ್ದೀಯಾ? ಹೇಳಿರದಿದ್ದರೆ ಹೇಳು. ಮುಚ್ಚಿಟ್ಟುಕೊಂಡರೆ ಅವರಿಗೆ ಔಷಧಿ ಕೊಡುವುದು ಕಷ್ಟವಾಗುತ್ತದೆ. ನನಗೆ ಇದರಲ್ಲಿ ಏನೂ ತಿಳಿಯದು. ಪೇಪರಿನಲ್ಲಿ ಓದಿದ್ದಕ್ಕೆ ಬರೆದೆ.

ಬರಬೇಡ ಅಂದಿದ್ದೀಯ. ಬರುವುದಿಲ್ಲ. ಆದರೆ ನಾಲ್ಕು ದಿನ ಅಂದರೆ ನಾಲ್ಕೇ ದಿನ.

ಅಪ್ಪ


ಮಂಡ್ಯ
20 ಆಗಸ್ಟ್ 2024

ಅಪ್ಪಾ,

ಯಾವ ಮಾತ್ರೆ?

ನಿನಗೆ ಯಾರು ಏನು ಹೇಳಿದರು? ವೀಣ ಮೇಡಂ ಊರಿಗೆ ಬಂದಿದ್ದರಾ? ಯಾರಿಗೂ ಹೇಳುವುದಿಲ್ಲ ಅಂತ ನನ್ನ ಕೈ ಹಿಡಿದು ಮಾತು ಕೊಟ್ಟವರು ಅವರು. ಅಥವಾ ಚಿಕ್ಕಬೋರಮ್ಮನ ಮಗಳು ನನ್ನ ಚೀಟಿ ಓದಿ ಶಿವರಾಮುಗೆ ಹೇಳಿದಳಾ? ನಿನ್ನ ಕಾಗದ ಬಂದಾಗಿನಿಂದ ಈ ವಾರ್ಡಿನಲ್ಲಿ ಯಾರು ಪಿಸುಗುಟ್ಟಿದರೂ ನನ್ನ ವಿಷಯವೇ ಅನ್ನಿಸುತ್ತಿದೆ. ನಿನ್ನೆ ಚಿಕ್ಕಬೋರಮ್ಮ ಕೊಟ್ಟ ಊಟ ಬೇಡ ಅಂದೆ. ಅವರು ಬೇಜಾರಾದರು.

ಪೇಪರಿನಲ್ಲಿ ಓದಿದೆ ಅನ್ನಬೇಡ. ಪೇಪರಿನಲ್ಲಿ ಓದಿದ್ದರೆ ಯಾವ ಪೇಪರು, ಯಾವ ತಾರೀಕು ಅಂತ ಬರೆಯುವವನು ನೀನು.

ಶನಿವಾರ ಕಾಲನ್ನು ಕುಯ್ದು ಕೆಟ್ಟದ್ದನ್ನೆಲ್ಲ ತೆಗೆದರು. ಹಿಮ್ಮಡಿಯಿಂದ ಮೀನಖಂಡದವರೆಗೆ ತೆರೆದಿಟ್ಟಿದ್ದಾರೆ. ದಿನಾ ಡ್ರೆಸ್ಸಿಂಗ್ ಮಾಡುವಾಗ ಮಂಚದ ಕಂಬಿ ಹಿಡಿದುಕೊಳ್ಳುತ್ತೇನೆ. ಗೆರೆ ದಾಟಿಲ್ಲ ಅಂತ ಬರೆದಿದ್ದೆನಲ್ಲ, ಅದೂ ಸುಳ್ಳು. ಮೂರು ಗೆರೆ ದಾಟಿತ್ತು.

ಯಾರು ಹೇಳಿದರು, ಅಷ್ಟು ಬರಿ.

ನಾಗಶ್ರೀ


ಬಂಡೂರು
24 ಆಗಸ್ಟ್ 2024

ನಾಗು,

ಯಾರೂ ಹೇಳಲಿಲ್ಲ. ವೀಣ ಮೇಡಂ ಅಂದರೆ ಯಾರೆಂದು ನನಗೆ ಗೊತ್ತೇ ಇಲ್ಲ. ಅನ್ನ ಹಾಕಿದ ಆ ಅಮ್ಮನನ್ನು ಅನುಮಾನಿಸಬೇಡ.

2015ರ ನವೆಂಬರಿನಲ್ಲಿ ನನಗೆ ಎದೆ ಹಿಡಿದುಕೊಂಡಂತೆ ಆಗಿ ಇಸಿಜಿ ಮಾಡಿಸಲು ಅದೇ ಆಸ್ಪತ್ರೆಗೆ ಬಂದಿದ್ದೆ. ಗಾಬರಿಯಾಗುತ್ತೀಯ ಅಂತ ನಿನಗೆ ಹೇಳಿರಲಿಲ್ಲ. ಚೀಟಿ ಹಿಡಿದು ಕೋಣೆ ಹುಡುಕುತ್ತ ಓಡಾಡುವಾಗ ಒಂದು ಸಾಲಿನಲ್ಲಿ ನೀನು ನಿಂತಿದ್ದೆ. ಹಳದಿ ಚೂಡಿದಾರ. ವೇಲನ್ನು ಮೂಗಿನವರೆಗೆ ಸುತ್ತಿಕೊಂಡಿದ್ದೆ. ಆದರೂ ಮಗಳು ನಿಲ್ಲುವ ರೀತಿ ಗೊತ್ತಾಗದೆ ಇರುತ್ತದೆಯೇ? ಕೂಗಲು ಬಾಯಿ ತೆಗೆದೆ. ಆಗ ಬಾಗಿಲ ಮೇಲಿನ ಬೋರ್ಡು ಕಣ್ಣಿಗೆ ಬಿತ್ತು. ಎಚ್‌ಐವಿ ಇರುವವರಿಗೆ ಮಾತ್ರೆ ಕೊಡುವ ಕೋಣೆ ಅದು. ಕಂಬದ ಹಿಂದಕ್ಕೆ ಸರಿದೆ. ನೀನು ಒಳಗೆ ಹೋಗಿ ಬಂದು, ಪೊಟ್ಟಣವನ್ನು ಚೀಲದ ಅಡಿಗೆ ತುರುಕಿ, ಆಟೊ ಹತ್ತುವವರೆಗೆ ಅಲ್ಲೇ ಇದ್ದೆ. ಇಸಿಜಿ ಮಾಡಿಸಲಿಲ್ಲ. ಊರಿನ ಬಸ್ಸು ಹತ್ತಿದೆ.

ಅವ್ವನಿಗೆ ಹೇಳಿದೆ. ಹೇಳದೆ ಇರಲಾಗಲಿಲ್ಲ. ನಿನ್ನವ್ವ ಮಾಯಮ್ಮ ಮಾರನೆಯ ದಿನ ಇಡೀ ಮನೆ ಸಾರಿಸಿದಳು. ಆಮೇಲೆ, "ಅವ್ಳಾಗವ್ಳೇ ಹೇಳೋಗಂಟ ಕೇಳ್ಬ್ಯಾಡಿ ಕಣ್ರೀ. ನಾವು ಕೇಳುದ್ರೆ ಅವ್ಳು ಊರ್ ಕಡೀಕೆ ಬರೋದೇ ಬುಟ್ಬುಡ್ತಾಳೆ" ಅಂದಳು. ಗಂಡನ ಮನೆ ಬಿಟ್ಟು ಬಂದ ಮೇಲೆ ನಿನ್ನನ್ನು ಎಲ್ಲರೂ ಕೇಳಿದ್ದೇ ಕೇಳಿದ್ದು. ನಾವೂ ಕೇಳುವುದು ಬೇಡ ಅನ್ನಿಸಿತು. ಅವ್ವ ಹೋಗಿ ಆರು ವರ್ಷವಾಯಿತು. ಅವಳ ಮಾತು ಉಳಿಸಿಕೊಂಡೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವೆಂದರೆ ಕೇಳಲು ಧೈರ್ಯ ಇರಲಿಲ್ಲ.

ಈ ಸಲ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ, ನೀನು ಕೆಲಸಕ್ಕೆ ಹೋದಾಗ, ನಿನ್ನ ಮನೆಯನ್ನೆಲ್ಲ ಹುಡುಕಿದೆ. ಮಾತ್ರೆ ಇದೆಯಾ, ಸರಿಯಾಗಿ ತೆಗೆದುಕೊಳ್ಳುತ್ತಿದ್ದೀಯಾ ನೋಡೋಣ ಅಂತ. ಬೀರು, ಅಕ್ಕಿ ಡಬ್ಬ, ದಿಂಬಿನ ಕೆಳಗೆ, ಎಲ್ಲೂ ಒಂದು ಮಾತ್ರೆ ಸಿಗಲಿಲ್ಲ. ನಾನು ದಡ್ಡ ಕಣವ್ವ. ಇಷ್ಟು ವರ್ಷ ತೆಗೆದುಕೊಂಡು ವಾಸಿಯಾಗಿದೆ, ಅದಕ್ಕೇ ನಿಲ್ಲಿಸಿದ್ದಾರೆ ಅಂದುಕೊಂಡೆ. ಅವತ್ತು ಸಾಯಂಕಾಲ ಮೈಸೂರು ಪಾಕ್ ತಂದಿದ್ದೆ. ಏನಪ್ಪ ವಿಶೇಷ ಅಂತ ನೀನು ಕೇಳಿದೆ. ಕಣ್ಣು ಬಂತಲ್ಲ, ಅದಕ್ಕೆ ಅಂದೆ.

ನಿನ್ನ ನಂಜಿನ ವಿಷಯ ಓದಿದ ಮೇಲೆ ಮಳವಳ್ಳಿಗೆ ಹೋಗಿ ಗೊತ್ತಿರುವ ಕಾಂಪೌಂಡರ್ ಒಬ್ಬರನ್ನು, ಯಾರದೋ ವಿಷಯ ಅನ್ನುವಂತೆ ಕೇಳಿದೆ. ಆ ಮಾತ್ರೆ ಜೀವ ಇರುವವರೆಗೂ ನಿಲ್ಲಿಸುವ ಹಾಗಿಲ್ಲವಂತೆ.

ನೀನು ಯಾಕೆ ನಿಲ್ಲಿಸಿದೆ?

ಅಪ್ಪ


ಮಂಡ್ಯ
7 ಸೆಪ್ಟೆಂಬರ್ 2024

ಅಪ್ಪಾ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಉತ್ತರ ಬರೆಯುವುದಿಲ್ಲ ಅಂತ ಇದ್ದೆ. ಹೊರಗೆ ಗಣೇಶನ ಹಬ್ಬದ ತಮಟೆ. ಕಿವಿಗೆ ಬೇರೇನೂ ಕೇಳಿಸುತ್ತಿಲ್ಲ, ಬರೆಯುತ್ತೇನೆ.

ಯಾಕೆ ನಿಲ್ಲಿಸಿದೆ ಅಂತ ಕೇಳಿದೆಯಲ್ಲ. ನೀನು ಮನೆಗೆ ಬಂದೆ, ಅದಕ್ಕೆ ನಿಲ್ಲಿಸಿದೆ.

ಸೋಪಿನ ಪೆಟ್ಟಿಗೆಯ ಮೇಲಿನ ಅಕ್ಷರವನ್ನೂ ಗಟ್ಟಿಯಾಗಿ ಓದುವವನು ನೀನು. ಇಷ್ಟು ವರ್ಷವೂ ಒಂದು ದಿನ ತಪ್ಪಿಸದೆ ಆ ಮಾತ್ರೆ ನುಂಗಿದ್ದೆ. ನೀನು ಬರುವ ಹಿಂದಿನ ದಿನ ಡಬ್ಬಿಯನ್ನು ಫ್ಯಾಕ್ಟರಿಯ ಲಾಕರಿಗೆ ಸಾಗಿಸಿದೆ. ಅಲ್ಲಿ ಒಂದು ದಿನ ಎಲ್ಲರ ಲಾಕರನ್ನೂ ತೆಗೆಸಿ ನೋಡಲು ಶುರುಮಾಡಿದರು. ನನ್ನ ಸರದಿ ಬರುವುದರೊಳಗೆ ಡಬ್ಬಿಯನ್ನು ಕಕ್ಕಸಿಗೆ ತೆಗೆದುಕೊಂಡು ಹೋಗಿ ಮಾತ್ರೆಗಳನ್ನೆಲ್ಲ ನೀರಿಗೆ ಬಿಟ್ಟೆ. ಹೊಸದನ್ನು ತರಲು ಮಂಡ್ಯಕ್ಕೆ ಬರಬೇಕು, ಎಲ್ಲಿಗೆ ಅಂತ ನೀನು ಕೇಳುತ್ತೀಯ. ಅಪ್ಪ ಊರಿಗೆ ಹೋಗಲಿ, ಆಮೇಲೆ ಅಂದುಕೊಂಡೆ. ಯುಗಾದಿ ಮುಗಿಸಿ ನೀನು ಹೋದೆ. ಅಷ್ಟರಲ್ಲಿ ಎರಡು ತಿಂಗಳು ತಪ್ಪಿತ್ತು. ಹೋದರೆ ಬೈಯುತ್ತಾರೆ ಅಂತ ಹೆದರಿ ನಾಳೆ ನಾಳೆ ಅಂತ ತಳ್ಳಿದೆ. ಅವರು ಫೋನು ಮಾಡಿದರೂ ಎತ್ತಲಿಲ್ಲ. ಮೈಯಲ್ಲಿ ತಡೆಯುವ ಶಕ್ತಿ ಇಳಿದುಹೋಗಿದ್ದಕ್ಕೇ ಒಂದು ಗೀರು ಇಷ್ಟಾಯಿತು ಅಂದರು ಡಾಕ್ಟರು.

ನೀನು ಅಕ್ಕಿ ಡಬ್ಬದಲ್ಲಿ ಹುಡುಕುತ್ತಿದ್ದೆ. ನಾನು ನಿನ್ನಿಂದ ಬಚ್ಚಿಡುತ್ತಿದ್ದೆ. ಒಂದೇ ಮನೆಯಲ್ಲಿ ಅಪ್ಪಾ. ನಂಗೊತ್ತು ಕಣವ್ವ ಅಂತ ಒಂದು ಮಾತು ಹೇಳಿದ್ದರೆ ಆ ಮಾತ್ರೆಯನ್ನು ನಿನ್ನ ಎದುರಿಗೇ ನುಂಗುತ್ತಿದ್ದೆ. ಅವ್ವನೂ ತಿಳಿದೇ ಹೋದಳು. ಕೊನೆಯ ಸಲ ನನ್ನ ತಲೆಗೆ ಎಣ್ಣೆ ಹಚ್ಚುವಾಗಲೂ ಅವಳಿಗೆ ಗೊತ್ತಿತ್ತು. ನಾನು ಮಾತ್ರ, ಇವರಿಗೆ ಗೊತ್ತಾದರೆ ಸತ್ತೇಹೋಗುತ್ತಾರೆ ಅಂತ ನಿಮ್ಮಿಬ್ಬರನ್ನೂ ಕಾಪಾಡುತ್ತಿದ್ದೆ.

ಆಗಸ್ಟ್ ಇಪ್ಪತ್ತೊಂಬತ್ತಕ್ಕೆ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ನಂಜು ಮೂಳೆಗೆ ಇಳಿದಿತ್ತು. ಮನೆಯವರು ಯಾರಾದರೂ ಸಹಿ ಮಾಡಬೇಕು ಅಂದರು. ಯಾರೂ ಇಲ್ಲ ಅಂದೆ. ನಾನೇ ಮಾಡಿದೆ.

ಅದು ನನಗೆ ಹೇಗೆ ಬಂತು ಅಂತ ಕೇಳಿದರೆ ಉತ್ತರ ಕೊಡುವುದಿಲ್ಲ. ನೀನು ಬರಬೇಡ. ಕಾಗದವನ್ನೂ ಬರೆಯಬೇಡ.

ನಾಗಶ್ರೀ


ಬಂಡೂರು
11 ಸೆಪ್ಟೆಂಬರ್ 2024

ಮಗಳೇ,

ನಿನ್ನ ಕಾಗದವನ್ನು ಪೋಸ್ಟಾಫೀಸಿನ ಕಟ್ಟೆಯ ಮೇಲೆ ಕೂತು ಓದಿದೆ.

ನೀನು ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ನನ್ನ ಪರವಾಗಿ ಹೇಳಲು ನನ್ನಲ್ಲಿ ಏನೂ ಇಲ್ಲ. ಹೇಗೆ ಬಂತು ಅಂತ ನಾನು ಕೇಳುವುದಿಲ್ಲ. ಇವತ್ತೂ ಇಲ್ಲ, ಇನ್ನು ಮುಂದೆಯೂ ಇಲ್ಲ.

ಬರಬೇಡ ಅಂದಿದ್ದೀಯ. ಈ ಒಂದು ಮಾತನ್ನು ನಾನು ಮೀರುತ್ತೇನೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಇರುತ್ತೇನೆ. ಒಳಗೆ ಬರುವುದಿಲ್ಲ. ಕರೆದರೆ ಬರುತ್ತೇನೆ, ಕರೆಯದಿದ್ದರೆ ಅಲ್ಲೇ ಇರುತ್ತೇನೆ. ಮತ್ತೆ ಯಾವುದಾದರೂ ಸಹಿ ಬೇಕಾದರೆ ಮನೆಯವರು ಹೊರಗೆ ಕೂತಿದ್ದಾರೆ ಅಂತ ಹೇಳು.

ಅಪ್ಪ


ಮಂಡ್ಯ
6 ಅಕ್ಟೋಬರ್ 2024

ಅಪ್ಪಾ,

ನೀನು ಊರಿಗೆ ಹೋಗಿ ನಾಲ್ಕು ದಿನವಾಯಿತು. ಯಾಕೆ ಹಾಗೆ ಎದ್ದು ಹೋದೆ ಅಂತ ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಬೆಂಚಿನ ಮೇಲೆ ಕೂತ ಮೊದಲ ಎರಡು ದಿನವೂ ನಾನು ಬಾಗಿಲ ಕಡೆಗೆ ಬೆನ್ನು ಮಾಡಿ ಮಲಗಿದ್ದೆ. ಸಿಸ್ಟರ್ ಬಂದು, "ನಿಮ್ ತಂದೆ ಅಂತೆ, ಟವೆಲ್ ಹಾಸ್ಕೊಂಡು ಅಲ್ಲೇ ಮಲಗ್ತಾರೆ, ಏನ್ ಮಾಡ್ಲಿ" ಅಂದರು. ಮೂರನೇ ದಿನ ಡ್ರೆಸ್ಸಿಂಗ್ ಬಿಚ್ಚುವಾಗ ಕೂಗಿಕೊಂಡೆ. ನಿನಗೆ ಕೇಳಿಸುವುದಿಲ್ಲ ಅಂತ ಗೊತ್ತಿದ್ದೂ ಅಪ್ಪಾ ಅಂತಲೇ ಕೂಗಿದೆ. ಸಿಸ್ಟರ್ ನಿನ್ನನ್ನು ಕರೆತಂದರು. ನೀನು ಕಾಲು ಇಲ್ಲದ ಜಾಗವನ್ನು ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಕೆಳಗಿನ ಬಕೆಟ್ಟಿನಲ್ಲಿ ನೆನೆಸಿದ್ದ ನನ್ನ ಬಟ್ಟೆ ಎತ್ತಿಕೊಂಡು ಒಗೆಯಲು ಹೋದೆ. ಆವಾಗಲೇ ನನ್ನ ಕೋಪ ಅರ್ಧ ಹೋಯಿತು. ಇನ್ನರ್ಧ ಇದೆ. ಇಲ್ಲ ಅಂದರೆ ಅದೂ ಸುಳ್ಳಾಗುತ್ತದೆ.

ಮಂಗಳವಾರದ ವಿಷಯ. ಮಾತ್ರೆ ಮತ್ತೆ ಶುರುವಾಗಿತ್ತು. ಊಟವಾದ ಮೇಲೆ ನೀನು, "ಮಗಾ, ಆ ಎಚ್‌ಐವಿ ಮಾತ್ರೆ ತಕ್ಕಂಡ್ಯಾ?" ಅಂದೆ. ಕಿವಿ ಕೇಳದವರು ಮಾತಾಡುವ ಹಾಗೆಯೇ ಅಂದೆ. ಮೆಲ್ಲಗೆ ಹೇಳಿದ್ದೇನೆ ಅಂತ ನೀನು ಅಂದುಕೊಂಡಿದ್ದೆ. ಇಡೀ ವಾರ್ಡು ತಿರುಗಿ ನೋಡಿತು. ಎಲ್ಲರ ಮುಖ ನೋಡಿದ ಮೇಲೆ ನಿನಗೂ ತಿಳಿಯಿತು. ಬಾಯಿಗೆ ಟವೆಲ್ ಒತ್ತಿಕೊಂಡು ಹೊರಗೆ ಹೋದೆ. ಬೆಳಿಗ್ಗೆ ಊರಿಗೆ ಹೋಗಿ ಬರುತ್ತೇನೆ ಅಂದೆ. ನಾಚಿಕೆಯಾಗಿ ಹೋದೆ ಅಂತ ಗೊತ್ತು.

ನೀನು ಹೋದ ಮೇಲೆ ಚಿಕ್ಕಬೋರಮ್ಮ ಸಿಸ್ಟರನ್ನು ಕರೆದು, "ನನ್ನ ಆ ಕಿಟ್ಕಿ ತಾವುಕ್ಕೆ ಆಕ್ಬುಡವ್ವ, ಇಲ್ಲಿ ಗಾಳಿ ಆಡಾಕಿಲ್ಲ" ಅಂದರು. ನಮ್ಮಿಬ್ಬರ ಮಂಚದ ಮೇಲೇ ಫ್ಯಾನು ತಿರುಗುತ್ತಿತ್ತು. ಏಳೆಂಟು ವಾರ ಅವರ ಬುತ್ತಿಯಲ್ಲಿ ಊಟ ಮಾಡಿದ್ದೆ. ನಿನ್ನೆ ಡಿಸ್ಚಾರ್ಜ್ ಆಗಿ ಹೋದರು. ನನ್ನ ಕಡೆ ನೋಡಲಿಲ್ಲ. ಅವರ ಮಗಳು ಮಾತ್ರ ಬಾಗಿಲಿನಿಂದ ತಿರುಗಿ ನೋಡಿ ಹೋದಳು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಳು ಬಂತು. ವೀಣ ಮೇಡಂ, ನಾನು ಮಾತ್ರೆ ತೆಗೆದುಕೊಳ್ಳುವ ಕೋಣೆಯಲ್ಲಿ ಸಲಹೆ ಹೇಳುವವರು, ಕೆಳಗಿನಿಂದ ಬಂದು ಒಂದು ಗಂಟೆ ನನ್ನ ಜೊತೆ ಕೂತಿದ್ದರು. ಅವರನ್ನು ನಾನು ಅನುಮಾನಿಸಿದ್ದೆ ಅಂತ ಹೇಳಿ ಕ್ಷಮೆ ಕೇಳಿದೆ. ಈ ಕಾಗದವನ್ನು ಡಬ್ಬಕ್ಕೆ ಹಾಕುವುದು ಅವರೇ.

ಗುರುವಾರ ನನ್ನನ್ನು ಕಳಿಸುತ್ತಾರೆ. ನಾನು ಬಂಡೂರಿಗೆ ಬರುವುದಿಲ್ಲ ಅಪ್ಪಾ. ಅಲ್ಲಿ ದಿನಾ ಒಬ್ಬೊಬ್ಬರಿಗೂ ಕಾಲಿನ ಕಥೆ ಹೇಳಲು ನನ್ನಿಂದ ಆಗದು. ಮದ್ದೂರಿನ ಮನೆಗೇ ಹೋಗುತ್ತೇನೆ. ಜೊತೆಯ ಕೆಲಸದವರು ಬಂದು ಕರೆದುಕೊಂಡು ಹೋಗುತ್ತಾರೆ. ಮಿಷನ್ ತುಳಿಯಲು ಆಗದಿದ್ದರೆ ಕೂತು ದಾರ ಕತ್ತರಿಸುವ ಟೇಬಲ್ಲಿಗೆ ಹಾಕಬಹುದು ಅಂದಿದ್ದಾರೆ. ಖಂಡಿತ ಅಂತ ಹೇಳಿಲ್ಲ.

ನೀನು ನಾಚಿಕೊಳ್ಳಬೇಡ. ಎಲ್ಲರಿಗೂ ಗೊತ್ತಾದ ಮೇಲೆ ನಾನು ಹೆದರಿಕೊಂಡಷ್ಟು ಏನೂ ಆಗಲಿಲ್ಲ ಅಂತ ಬರೆಯಬೇಕು ಅಂದುಕೊಂಡೆ. ಆದರೆ ಆಯಿತು. ಆದರೂ ನೀನು ನಾಚಿಕೊಳ್ಳಬೇಡ.

ನಾಗು


ಬಂಡೂರು
12 ಅಕ್ಟೋಬರ್ 2024

ನಾಗುಗೆ ಅಪ್ಪ ಬರೆಯುವುದು.

ಮದ್ದೂರಿನ ವಿಳಾಸಕ್ಕೆ ಬರೆಯುತ್ತಿದ್ದೇನೆ, ಮನೆ ಸೇರಿದ್ದೀಯ ಅಂತ ಭಾವಿಸಿ.

ನಾಚಿಕೆಯಾದದ್ದು ನಿಜ. ಆದರೆ ಅದಕ್ಕೆ ಊರಿಗೆ ಬಂದದ್ದಲ್ಲ. ಮಳವಳ್ಳಿಯಲ್ಲಿ ಕಿವಿ ನೋಡಿಸಿಕೊಂಡೆ. ಇಷ್ಟು ದಿನ, ಕೇಳಿಸದಿದ್ದರೆ ಏನಂತೆ, ಒಳ್ಳೆಯದೇ ಅಂತ ಇದ್ದವನು. ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವ ಮಿಷನ್ ಕೊಟ್ಟಿದ್ದಾರೆ. ಪಾತ್ರೆ ಇಟ್ಟರೆ ಗುಂಡು ಹೊಡೆದ ಹಾಗೆ ಕೇಳಿಸುತ್ತದೆ. ನನ್ನ ಮಾತು ನನಗೇ ಮೊದಲ ಸಲ ಕೇಳಿಸಿತು. ಎಷ್ಟು ಜೋರು ಅಂತ ಆಗ ಗೊತ್ತಾಯಿತು. ಒಬ್ಬನೇ ಕೂತು ಮೆಲ್ಲಗೆ ಮಾತಾಡುವುದನ್ನು ಕಲಿಯುತ್ತಿದ್ದೇನೆ. ಕುರಿಗಳು ನನ್ನ ಮುಖ ನೋಡುತ್ತವೆ.

ಆ ಅಮ್ಮ ಮಂಚ ಬದಲಾಯಿಸಿದ್ದು ನನ್ನಿಂದ. ಅದನ್ನು ನಾನು ಮರೆಯುವುದಿಲ್ಲ.

ಮರಿಸಿದ್ದಯ್ಯ ನಿನ್ನ ವಿಷಯ ಕೇಳಿದ. "ಕಾಲ್ಗೆ ನಂಜಾಗಿತ್ತು ಕಣಪ್ಪ, ತಗುದ್ರು" ಅಂದೆ. "ಅಷ್ಟುಕ್ಕೇ ಕಾಲ್ ತಗುದ್‌ಬುಟ್ರಾ?" ಅಂದ. ಹೂಂ ಅಂದೆ. ಅಷ್ಟೇ ಹೇಳಿದೆ. ಉಳಿದದ್ದನ್ನು ಹೇಳುವುದೂ ಬಿಡುವುದೂ ನಿನ್ನದು.

ನೀನು ಇಲ್ಲಿಗೆ ಬರುವುದು ಬೇಡ. ನಾನು ಅಲ್ಲಿಗೆ ಬರಲೇ? ಈ ಸಲ ಕೇಳುತ್ತಿದ್ದೇನೆ. ಬೇಡ ಅಂದರೆ ಬರುವುದಿಲ್ಲ, ತಿಂಗಳಿಗೊಂದು ಸಲ ನಿನ್ನ ಜೊತೆ ಮಂಡ್ಯಕ್ಕೆ ಬಂದು, ಆ ಸಾಲಿನಲ್ಲಿ ನಿನ್ನ ಪಕ್ಕದಲ್ಲಿ ನಿಂತು, ವಾಪಸ್ ಹೋಗುತ್ತೇನೆ.

ಇನ್ನೊಂದನ್ನೂ ಕೇಳಬೇಕು. ಹೇಗೆ ಬಂತು ಅಂತ ಅಲ್ಲ. ನೀನು ಇದನ್ನು ಒಬ್ಬಳೇ ಇಟ್ಟುಕೊಂಡಿದ್ದ ಇಷ್ಟು ವರ್ಷಗಳಲ್ಲಿ ನಿನಗೆ ಎಲ್ಲಕ್ಕಿಂತ ಹೆದರಿಕೆಯಾದ ದಿನ ಯಾವುದು? ಬರೆಯಲು ಮನಸ್ಸಾದರೆ ಬರಿ. ಆ ದಿನವನ್ನಾದರೂ ನಾನು ತಿಳಿದುಕೊಂಡಿರಬೇಕು.

ಅಪ್ಪ


ಮದ್ದೂರು
20 ಅಕ್ಟೋಬರ್ 2024

ಅಪ್ಪಾ,

ಮನೆಗೆ ಬಂದೆ. ಊರುಗೋಲಿನಲ್ಲಿ ಅಡಿಗೆಮನೆಯವರೆಗೆ ಹೋಗಿ ಬರುವುದು ಅಭ್ಯಾಸವಾಗಿದೆ. ಗಾಯ ಪೂರ್ತಿ ಮಾಗಿದ ಮೇಲೆ ಕೃತಕ ಕಾಲಿಗೆ ಅಳತೆ ತೆಗೆಯುತ್ತಾರಂತೆ. ಕೆಲವು ಸಲ ಇಲ್ಲದ ಪಾದ ಕಡಿಯುತ್ತದೆ, ಕೆರೆಯಲು ಕೈ ಚಾಚುತ್ತೇನೆ. ಫ್ಯಾಕ್ಟರಿಯವರು ಇನ್ನೂ ಏನೂ ಹೇಳಿಲ್ಲ. ಮಾತ್ರೆಯ ಡಬ್ಬಿ ನೀರಿನ ಬಿಂದಿಗೆಯ ಪಕ್ಕದಲ್ಲೇ ಇದೆ.

ನೀನು ಕೇಳಿದ ದಿನ.

ರಿಪೋರ್ಟು ಬಂದ ದಿನ ಅಲ್ಲ ಅಪ್ಪಾ. ಅವತ್ತು ಏನೂ ಅನ್ನಿಸಿರಲಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಕೂತು ಕಡಲೆಕಾಯಿ ತಿಂದಿದ್ದೆ. ಅದಾಗಿ ಎರಡನೇ ವರ್ಷ, ಒಂದು ಭಾನುವಾರ ಮಧ್ಯಾಹ್ನ. ಮೂರು ದಿನದಿಂದ ಜ್ವರ ಇತ್ತು. ವಠಾರದವರೆಲ್ಲ ಒಂದು ಮದುವೆಗೆ ಹೋಗಿದ್ದರು. ಚಾಪೆಯಿಂದ ಏಳಲು ಆಗಲಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದೆ. ಹೀಗೇ ಹೋಗಿಬಿಟ್ಟರೆ ಬಾಗಿಲು ಒಡೆಯಬೇಕಾಗುತ್ತದೆ, ಜನ ಸೇರುತ್ತಾರೆ, ನಿನ್ನನ್ನೂ ಅವ್ವನನ್ನೂ ಕರೆಸುತ್ತಾರೆ, ನಿಮ್ಮ ಎದುರಿಗೇ ಬೀರು ತೆಗೆದು ಮಾತ್ರೆ ನೋಡುತ್ತಾರೆ ಅನ್ನಿಸಿತು. ತೆವಳಿಕೊಂಡು ಹೋಗಿ ಮೊದಲು ಮಾತ್ರೆಗಳನ್ನು ಒಲೆಯ ಬೂದಿಯ ಒಳಗೆ ಹೂತೆ. ಆಮೇಲೆ ಚಿಲಕದ ಹತ್ತಿರ ಹೋದೆ. ಕೈಗೆ ಎಟುಕಲಿಲ್ಲ. ಪೊರಕೆಯ ಹಿಡಿಯಿಂದ ತಳ್ಳಿದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ತೆರೆದುಕೊಂಡಿತು. ಇನ್ನು ಯಾರಿಗೂ ತೊಂದರೆಯಿಲ್ಲ ಅಂತ ಅಲ್ಲೇ ಹೊಸಿಲಿಗೆ ತಲೆ ಇಟ್ಟು ಮಲಗಿದೆ.

ಎಚ್ಚರವಾದಾಗ ಸೋಮವಾರ ಬೆಳಗಾಗಿತ್ತು. ಜ್ವರ ಬಿಟ್ಟಿತ್ತು. ಮಾತ್ರೆಗಳನ್ನು ಬೂದಿಯಿಂದ ತೆಗೆದು, ಒರೆಸಿ, ಒಂದನ್ನು ನುಂಗಿ, ಸ್ನಾನ ಮಾಡಿ ಕೆಲಸಕ್ಕೆ ಹೋದೆ. ತಡವಾಗಿ ಬಂದೆ ಅಂತ ಸೂಪರ್‌ವೈಸರ್ ಬೈದ. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ಆ ಮದುವೆಯ ಮಾತಾಡುತ್ತಿದ್ದರು. ನಾನೂ ನಕ್ಕೆ.

ಇದನ್ನು ಬರೆದು ಮುಗಿಸುವುದಕ್ಕೆ ಎರಡು ದಿನ ಬೇಕಾಯಿತು. ಬರೆದರೆ ಹಗುರವಾಗುತ್ತದೆ ಅನ್ನುತ್ತಾರೆ, ನನಗೆ ಹಾಗೇನೂ ಆಗಲಿಲ್ಲ. ಆದರೆ ಆ ಭಾನುವಾರ ಇನ್ನು ನನ್ನೊಬ್ಬಳದೇ ಅಲ್ಲ.

ಬಾ ಅಪ್ಪಾ. ಕುರಿಗಳ ವ್ಯವಸ್ಥೆ ಮಾಡಿ ನಿಧಾನವಾಗಿ ಬಾ. ಅಂಥ ದಿನಗಳು ಇನ್ನೂ ಇವೆ, ಒಂದೊಂದಾಗಿ ಕೇಳು.

ನಾಗು